ಗಾಡಿ ಊರಾಚೆ, ನಾವು ಲಿಸ್ಬನ್ ಒಳಗೆ

ಕೇಳುಗರಿಗೆ ನಮಸ್ಕಾರ.

ಮೋಟರ್‌ಹೋಮ್ ಅಂದರೆ ಗೊತ್ತಲ್ವಾ? ಹಾಸಿಗೆ, ಒಲೆ, ಸಿಂಕು, ಪುಟ್ಟ ಶೌಚಾಲಯ, ಎಲ್ಲವೂ ಒಳಗೇ ಇರುವ ಗಾಡಿ. ಯುರೋಪಿನಲ್ಲಿ ಇದನ್ನು ಬಾಡಿಗೆಗೆ ಹಿಡಿದು ಊರೂರು ತಿರುಗುವವರು ಬೇಕಾದಷ್ಟು ಜನ. ಕಡಲ ದಂಡೆಯ ರಸ್ತೆಯಲ್ಲಿ ಅದರಷ್ಟು ಸುಖ ಇನ್ನೊಂದಿಲ್ಲ. ದೊಡ್ಡ ಊರು ಬಂತೋ, ತಲೆನೋವು ಶುರು.

ಪೋರ್ಚುಗಲ್ ರಾಜಧಾನಿ ಲಿಸ್ಬನ್ ಇದಕ್ಕೆ ಒಳ್ಳೇ ಉದಾಹರಣೆ. ಬರೀ ಏರು, ಇಳಿಜಾರು. ಅಲ್ಫಾಮಾ ಎಂಬ ಹಳೇ ಬಡಾವಣೆಯ ಕೆಲವು ಓಣಿಗಳಲ್ಲಿ ಎದುರಿಗೆ ಯಾರಾದರೂ ಬಂದರೆ ನಾವೇ ಗೋಡೆಗೆ ಒರಗಿ ದಾರಿ ಬಿಡಬೇಕು. 7 ಮೀಟರ್ ಉದ್ದದ ಗಾಡಿ ಅಲ್ಲಿ ಹೇಗೆ ತಿರುಗೀತು?

ಅದಕ್ಕೇ ಊರಿನ ಪಶ್ಚಿಮಕ್ಕಿರುವ ಮೊನ್ಸಾಂಟೊ ಕಾಡಿನ ಕ್ಯಾಂಪಿಂಗ್ ಜಾಗದಲ್ಲಿ ಗಾಡಿ ನಿಲ್ಲಿಸಿಬಿಡಿ. ಕೊಳೆ ನೀರು ಚೆಲ್ಲುವುದು, ಟ್ಯಾಂಕು ತುಂಬಿಸುವುದು, ಕರೆಂಟ್ ವೈರು ಸಿಕ್ಕಿಸುವುದು ಎಲ್ಲ ಹಿಂದಿನ ಸಂಜೆಯೇ ಮುಗಿದಿರಲಿ. ಬೆಳಿಗ್ಗೆ ತಿಂಡಿ ತಿಂದು ಸಿಟಿ ಬಸ್ ಹತ್ತಿದರೆ ಆಯ್ತು. ಶೂ ಮಾತ್ರ ಹಿಡಿತ ಇರುವುದೇ ಬೇಕು. ಅಲ್ಲಿನ ಫುಟ್‌ಪಾತಿಗೆ ಹಾಸಿರುವುದು ಬಿಳಿ ಸುಣ್ಣಕಲ್ಲಿನ ಚೂರುಗಳು. ತುಳಿದೂ ತುಳಿದೂ ನುಣ್ಣಗಾಗಿವೆ. ನಾಲ್ಕು ಹನಿ ಬಿದ್ದರೆ ಸಾಕು, ಜಾರುತ್ತೆ.

ಮೊದಲು ಊರ ನಡುವಿನ ಬೈಶಾ ಬಡಾವಣೆ. ಇಲ್ಲಿ ಬೀದಿಗಳು ಗೆರೆ ಎಳೆದ ಹಾಗೆ ನೇರ. ಕಾರಣ 1755ರ ನವೆಂಬರ್ 1ರ ಭೂಕಂಪ. ಅವತ್ತು ಸಂತರ ಹಬ್ಬ, ಚರ್ಚುಗಳ ತುಂಬ ಜನ, ಮೇಣದಬತ್ತಿ. ನೆಲ ನಡುಗಿತು, ಬೆಂಕಿ ಹತ್ತಿತು, ಹಿಂದೆಯೇ ಸುನಾಮಿ ಬಂತು. ಆಮೇಲೆ ಮಂತ್ರಿ ಪೊಂಬಾಲ್ ಮೇಲ್ವಿಚಾರಣೆಯಲ್ಲಿ ಎದ್ದ ಕಟ್ಟಡಗಳ ಗೋಡೆಯೊಳಗೆ ಮರದ ಚೌಕಟ್ಟು ಕೂರಿಸಿದರು. ಮಾದರಿಯೊಂದನ್ನು ಕಟ್ಟಿ, ಸುತ್ತ ಸೈನಿಕರನ್ನು ಕುಣಿಸಿದಂತೆ ನಡೆಸಿ, ಅದು ಅಲುಗಾಟ ತಡೆಯುತ್ತಾ ಅಂತ ನೋಡಿದರಂತೆ! ಹತ್ತಿರದ ಕಾರ್ಮೊ ಚರ್ಚಿಗೆ ಇವತ್ತಿಗೂ ಚಾವಣಿ ಇಲ್ಲ. ಕಮಾನುಗಳ ನಡುವೆ ಆಕಾಶ ಕಾಣುತ್ತೆ.

28ನೇ ನಂಬರಿನ ಹಳದಿ ಟ್ರಾಮ್ ಬಗ್ಗೆ ಎಲ್ಲರೂ ಹೇಳುತ್ತಾರೆ. ಚೆಂದವೇ. ಆದರೆ ಹೊತ್ತೇರಿದ ಮೇಲೆ ನೂಕುನುಗ್ಗಲು, ಜೇಬುಗಳ್ಳರ ಕಾಟ ಬೇರೆ. ಬೇಗ ಹತ್ತಿ, ಇಲ್ಲಾಂದ್ರೆ ಬಿಟ್ಟುಬಿಡಿ.

ಮಧ್ಯಾಹ್ನವನ್ನು ಬೆಲೆಮ್ ಬಡಾವಣೆಗೇ ಮೀಸಲಿಡಿ. ನನ್ನ ಮಟ್ಟಿಗೆ ಲಿಸ್ಬನ್ ಅಂದರೆ ಬೆಲೆಮ್. ತೇಜೊ ನದಿಯ ದಂಡೆಯಲ್ಲಿ ಜೆರೊನಿಮೊಸ್ ಮಠ ಇದೆ. ಕೆಲಸ ಶುರುವಾದದ್ದು 1501ರ ಹೊತ್ತಿಗೆ. ಕಂಬಗಳ ಹತ್ತಿರ ಹೋಗಿ ನೋಡಿ. ಹಡಗಿನ ಹಗ್ಗವನ್ನೇ ಹುರಿ ಹುರಿಯಾಗಿ ಕಲ್ಲಿನಲ್ಲಿ ಬಿಡಿಸಿದ್ದಾರೆ. ಇಷ್ಟಕ್ಕೆಲ್ಲ ದುಡ್ಡು ಎಲ್ಲಿಂದ ಬಂತು? ಆಫ್ರಿಕಾದಿಂದ, ಪೂರ್ವ ದೇಶಗಳಿಂದ ಬರುತ್ತಿದ್ದ ಸರಕಿನ ಮೇಲೆ ರಾಜ ಮನುವೆಲ್ ಹಾಕಿದ ಶೇಕಡಾ 5ರ ತೆರಿಗೆಯಿಂದ. ಪೂರ್ವದ ಆ ವ್ಯಾಪಾರದಲ್ಲಿ ಮುಖ್ಯ ಸರಕು ಕರಿಮೆಣಸು.

ಕರಿಮೆಣಸು ಅಂದಮೇಲೆ ನಮ್ಮ ಕರಾವಳಿ ಬರಲೇಬೇಕಲ್ಲ. ಮಠದ ಚರ್ಚಿನ ಒಳಗೆ ಹೋಗುತ್ತಲೇ ವಾಸ್ಕೊ ಡ ಗಾಮನ ಸಮಾಧಿ ಸಿಗುತ್ತೆ. ಕೈಮುಗಿದು ಮಲಗಿರುವ ಕಲ್ಲಿನ ಮೂರ್ತಿ. 1498ರಲ್ಲಿ ಕಲ್ಲಿಕೋಟೆಯಿಂದ ವಾಪಸ್ಸಾಗುವಾಗ ಈತ ಹಡಗು ನಿಲ್ಲಿಸಿದ್ದು ನಮ್ಮ ಕಾರವಾರದ ಎದುರಿನ ಅಂಜುದೀವ್‌ನಲ್ಲಿ. ತೀರಿಕೊಂಡದ್ದು 1524ರಲ್ಲಿ ಕೊಚ್ಚಿಯಲ್ಲಿ. ಮುಂದೆ ಅದೇ ಶತಮಾನದಲ್ಲಿ ಪೋರ್ಚುಗೀಸರು ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಮೆಣಸಿನ ರಾಣಿ ಅಂತ ಕರೆದರು. ಅವಳ ಜೊತೆ ವ್ಯಾಪಾರವನ್ನೂ ಮಾಡಿದರು, ಜಗಳವನ್ನೂ ಆಡಿದರು. ಗೈಡ್‌ಗಳು ಗಾಮನ ಸಾಹಸವನ್ನು ಕೊಂಡಾಡುತ್ತಾರೆ, ಸರಿ. ಮೆಣಸು ಬೆಳೆದವರ ಹೆಸರು ಯಾಕೆ ಬರಲ್ಲ ಅಂತ ನಾವು ಕೇಳಿದರೆ ತಪ್ಪೇನಿಲ್ಲ.

ಹೊರಗೆ ಬಂದರೆ ಪಕ್ಕದಲ್ಲೇ 1837ರಿಂದ ನಡೆಯುತ್ತಿರುವ ಕಸ್ಟರ್ಡ್ ಟಾರ್ಟ್ ಅಂಗಡಿ. ಬಿಸಿಯಾಗಿರುವಾಗಲೇ ಮೇಲೆ ದಾಲ್ಚಿನ್ನಿ ಪುಡಿ ಉದುರಿಸಿಕೊಂಡು ತಿನ್ನಬೇಕು. ಕಚ್ಚಿದರೆ ಹೊರಗಿನ ಪದರ ಚೂರುಚೂರಾಗಿ ಮಡಿಲಿಗೆ ಬೀಳುತ್ತೆ. ಮೊಟ್ಟೆ ಹಾಕಿರುತ್ತಾರೆ, ತಿನ್ನದವರು ನೆನಪಿಟ್ಟುಕೊಳ್ಳಿ. ಇನ್ನೊಂದು ವಿಷಯ. ಸೋಮವಾರ ಮಠಕ್ಕೆ ರಜೆ. ಆ ದಿನ ಗಾಡಿಯ ಹತ್ತಿರವೇ ಇದ್ದು ಬಟ್ಟೆ ಒಗೆದುಕೊಂಡು, ಮಂಗಳವಾರ ಹೊರಡಿ.

ನಮಸ್ಕಾರ.