ರುಂಡವಿಲ್ಲದ ಸವಾರ: ಐರ್ಲೆಂಡಿನ ಡಲ್ಲಹಾನ್ ಎಲ್ಲಿಂದ ಬಂದ?

[ದೃಶ್ಯ: ಕತ್ತಲು. ಗೊರಸಿನ ಸದ್ದು ಮಾತ್ರ.]

ನಿರೂಪಣೆ: ಕಪ್ಪು ಕುದುರೆ, ಕಂಕುಳಲ್ಲಿ ತನ್ನದೇ ರುಂಡ, ಕೈಯಲ್ಲಿ ಮನುಷ್ಯರ ಬೆನ್ನುಮೂಳೆಯ ಚಾಟಿ. ಡಲ್ಲಹಾನ್ ಎಂದು ಹುಡುಕಿದರೆ ಇವತ್ತು ಸಿಗುವ ಚಿತ್ರ ಇದು. ಹಳೆಯ ಪುಟಗಳಿಗೆ ಹೋದರೆ ಈ ಚಿತ್ರದ ಹೊಲಿಗೆ ಬಿಚ್ಚಿಕೊಳ್ಳುತ್ತದೆ. ಒಳಗಿರುವುದು ಎರಡು ಬೇರೆ ಬೇರೆ ಕಥೆ: ಸಾವಿನ ಸಾರೋಟು ಒಂದು, ಒಂಟಿ ಸವಾರ ಇನ್ನೊಂದು.

[ದೃಶ್ಯ: ಐರ್ಲೆಂಡ್ ನಕ್ಷೆ, ದಕ್ಷಿಣದ ಕಾರ್ಕ್ ಕೌಂಟಿ]

ಕಾರ್ಕ್‌ನಲ್ಲಿ ಹುಟ್ಟಿದ ಥಾಮಸ್ ಕ್ರಾಫ್ಟನ್ ಕ್ರೋಕರ್ ದಕ್ಷಿಣ ಐರ್ಲೆಂಡಿನ ಜನಪದ ಕಥೆಗಳನ್ನು 1825ರಿಂದ ಅಚ್ಚು ಹಾಕಿಸಿದರು. 1828ರ ಕಂತಿನಲ್ಲಿ ಡಲ್ಲಹಾನ್‌ಗೆಂದೇ ಒಂದು ವಿಭಾಗವಿದೆ.

ಅದರ ಒಂದು ಕಥೆಯಲ್ಲಿ ರಾತ್ರಿ ದಾರಿಯಲ್ಲಿ ಹೊರಟವನಿಗೆ ಆರು ಕಪ್ಪು ಕುದುರೆಗಳ ಎತ್ತರದ ಸಾರೋಟು ಎದುರಾಗುತ್ತದೆ. ಸಾರಥಿಗೂ ತಲೆಯಿಲ್ಲ, ಕುದುರೆಗಳಿಗೂ ಇಲ್ಲ. ಮರುದಿನ ಅಲ್ಲಿನ ಜಮೀನ್ದಾರನಿಗೆ ಮೂರ್ಛೆ ಬಂದ ಸುದ್ದಿ. ಸಾವಿನ ಮುನ್ಸೂಚನೆ ಹೊತ್ತು ಬರುವುದು ಈ ಬಂಡಿ. ಐರಿಷ್‌ನಲ್ಲಿ ಇದು 'ಕೋಶ್ಟ ಬೌರ್'. 'ಕೋಶ್ಟ' ಅಂದರೆ ಸಾರೋಟು, 'ಬೌರ್' ಅಂದರೆ ಕಿವುಡು.

ಅದೇ ವಿಭಾಗದ ಪದ್ಯವೊಂದು ಬಂಡಿಯ ಭಾಗಗಳನ್ನು ಬಿಡಿಬಿಡಿಯಾಗಿ ಹೇಳುತ್ತದೆ. ಚಕ್ರದ ಕಡ್ಡಿಗಳು ತೊಡೆಮೂಳೆ, ಮೂಕಿಮರ ಬೆನ್ನುಮೂಳೆ, ದೀಪಗಳು ಟೊಳ್ಳು ಬುರುಡೆ. ಬೆನ್ನುಮೂಳೆ ಇಲ್ಲಿ ಚಾಟಿಯಲ್ಲ, ಬಂಡಿಯ ಮರ! ಈ ವ್ಯತ್ಯಾಸ ಸಣ್ಣದೆನಿಸಬಹುದು. ಆದರೆ ಬಂಡಿಯಿಂದ ಸವಾರನಿಗೆ ಸಾಮಾನು ದಾಟಿರುವ ಗುರುತು ಸಿಗುವುದು ಇಂಥ ಕಡೆಯೇ.

[ದೃಶ್ಯ: ಗುಡ್ಡದ ಇಳಿಜಾರು, ಒಂದೇ ಕುದುರೆ]

ಇನ್ನು ಸವಾರ. ಕ್ರೋಕರ್ ಕಥೆಯಲ್ಲಿ ಇವನ ರುಂಡ ಬಲಗೈ ಕೆಳಗಿದೆ. ಅದನ್ನು ದೊಡ್ಡ ಚೀಸ್ ಮುದ್ದೆಗೆ ಹೋಲಿಸಿದ್ದಾರೆ. ಆದರೆ ಇವನು ಯಾರ ಪ್ರಾಣವನ್ನೂ ಒಯ್ಯುವುದಿಲ್ಲ. ನೂರು ವರ್ಷದ ಹಿಂದೆ ಕಿಲ್‌ಕಮರ್ ಗುಡ್ಡದ ಬುಡದಲ್ಲಿ ಕುದುರೆಯೊಂದಿಗೆ ಕತ್ತು ಮುರಿದುಕೊಂಡವನು, ಅಂದಿನಿಂದ ತನ್ನ ಜೊತೆ ಸವಾರಿ ಮಾಡುವ ಧೈರ್ಯಸ್ಥನನ್ನು ಹುಡುಕುತ್ತಿದ್ದಾನೆ. ಸಿಕ್ಕವನಿಗೆ ಒಳ್ಳೆಯದನ್ನೇ ಮಾಡುತ್ತಾನೆ. ನಮಗೆ ಈ ಸವಾರನೇ ಹೆಚ್ಚು ಹತ್ತಿರ. ಇವತ್ತಿನ ಚಿತ್ರದಲ್ಲಿ ಕಳೆದುಹೋಗಿರುವುದೂ ಇವನೇ.

1888ರಲ್ಲಿ ಐರಿಷ್ ಕವಿ ಯೇಟ್ಸ್ ಬರೆದ ಟಿಪ್ಪಣಿಯಲ್ಲೂ ಡಲ್ಲಹಾನ್ ಸಾರಥಿಯೇ: ಶವಪೆಟ್ಟಿಗೆ ಹೊತ್ತ ಸಾರೋಟು ಮನೆ ಬಾಗಿಲಿಗೆ ಬರುತ್ತದೆ, ಬಾಗಿಲು ತೆರೆದರೆ ಮುಖಕ್ಕೆ ಒಂದು ಬೋಗುಣಿ ರಕ್ತ.

[ದೃಶ್ಯ: ಎರಡು ಇಸವಿಗಳು, 1820 ಮತ್ತು 1828]

ಅಮೆರಿಕದ 'ಸ್ಲೀಪಿ ಹಾಲೋ' ಕಥೆಯ ರುಂಡವಿಲ್ಲದ ಸವಾರ ಐರ್ಲೆಂಡಿನಿಂದಲೇ ಹೋದವನು ಎನ್ನುವವರಿದ್ದಾರೆ. ಇಸವಿ ನೋಡಿ. ವಾಷಿಂಗ್ಟನ್ ಇರ್ವಿಂಗ್ ಬರೆದ ಆ ಕಥೆ ಪ್ರಕಟವಾದದ್ದು 1820ರಲ್ಲಿ, ಡಲ್ಲಹಾನ್ ವಿಭಾಗಕ್ಕಿಂತ 8 ವರ್ಷ ಮೊದಲು. ಅಲ್ಲಿನ ಸವಾರ ಫಿರಂಗಿ ಗುಂಡಿಗೆ ತಲೆ ಕಳೆದುಕೊಂಡ ಹೆಸ್ಸಿಯನ್, ಅಂದರೆ ಜರ್ಮನಿಯ ಹೆಸ್ಸೆ ಪ್ರದೇಶದ ಸೈನಿಕ. ಬಾಯಿಮಾತಿನ ಕಥೆ ಅಚ್ಚಿಗಿಂತ ಹಳೆಯದಿರುತ್ತದೆ, ನಿಜ. ಆದರೆ ಆ ಒಂದೇ ಮಾತಿನಿಂದ ನಂಟು ಸಾಬೀತಾಗುವುದಿಲ್ಲ.

[ದೃಶ್ಯ: ಹಸ್ತಪ್ರತಿಯ ಪುಟ]

ಐರ್ಲೆಂಡಿನ ನಿಜವಾದ ಹಳೆಯ ಪುಟ ಬೇಕೆಂದರೆ ಡಬ್ಲಿನ್‌ನ ರಾಯಲ್ ಐರಿಷ್ ಅಕಾಡೆಮಿಯಲ್ಲಿದೆ: ಸುಮಾರು 1100ರ 'ಲೆಬೋರ್ ನ ಹುಯಿದ್ರೆ' ಹಸ್ತಪ್ರತಿ. ಅದರಲ್ಲಿ ವೀರ ಕೂಹುಲಿನ್, ಊಅಥ್ ಎಂಬವನ ತಲೆ ಕಡಿಯುತ್ತಾನೆ. ಊಅಥ್ ರುಂಡವನ್ನೂ ಕೊಡಲಿಯನ್ನೂ ಎದೆಗವಚಿಕೊಂಡು ತನ್ನ ಸರೋವರಕ್ಕೆ ನಡೆದುಹೋಗುತ್ತಾನೆ. ಮರುದಿನ ತಲೆಯೊಂದಿಗೆ ಮರಳಿ, ಒಪ್ಪಂದದಂತೆ ಕತ್ತು ಚಾಚಿ ಮಲಗಿದ ಕೂಹುಲಿನ್ ಮೇಲೆ ಮೂರು ಸಲ ಕೊಡಲಿ ಬೀಸುತ್ತಾನೆ, ಮೂರು ಸಲವೂ ಕೊಡಲಿಯ ಅಲಗನ್ನು ಹಿಂದುಮುಂದಾಗಿ ತಿರುಗಿಸಿ ಹಿಡಿದು. ಹೊತ್ತೊಯ್ಯುವ ರುಂಡ ಆಗಲೇ ಇತ್ತು. ಕುದುರೆ ಇನ್ನೂ ಬಂದಿರಲಿಲ್ಲ.