ದಪ್ಪ ನೋಡಿ ಬೋಲ್ಟ್ ಕೊಳ್ಳಬೇಡಿ

ಎಲ್ಲರಿಗೂ ನಮಸ್ಕಾರ.

ಇಲ್ಲಿ ಅಡಿಕೆ ಸುಲಿಯುವ ಮೆಷಿನ್ ಮಾಡುವವರಿದ್ದೀರಿ, ಹಿಟ್ಟಿನ ಗಿರಣಿ ರಿಪೇರಿಯವರಿದ್ದೀರಿ, ಕಬ್ಬಿನ ಗಾಣಕ್ಕೆ ಫ್ರೇಮ್ ಕಟ್ಟುವವರೂ ಇದ್ದೀರಿ. ಮೋಟರ್, ಬೇರಿಂಗ್ ಕೊಳ್ಳುವಾಗ ಎಲ್ಲರೂ ಎರಡು ಸಲ ಯೋಚಿಸುತ್ತೀರಿ. ಬೋಲ್ಟಿಗೆ ಬಂದರೆ ಮಾತ್ರ ಹುಡುಗನನ್ನು ಅಂಗಡಿಗೆ ಕಳಿಸಿ "ಹತ್ತು ಎಂಎಂದು ಒಂದು ಕೆಜಿ ತಗೊಂಡು ಬಾ" ಅನ್ನುತ್ತೀರಿ. ಯಾವ ಗ್ರೇಡ್ ಅಂತ ಹೇಳುವುದೇ ಇಲ್ಲ. ಗಾಣಕ್ಕೆ ಕಬ್ಬು ಕೊಡುವವರ ಕೈ ರೋಲರಿಗೆ ಎಷ್ಟು ಹತ್ತಿರ ಇರುತ್ತದೆ ಅಂತ ನಿಮಗೇ ಗೊತ್ತು. ಅದಕ್ಕೇ ಈ ವಿಷಯ ನನಗೆ ಸಣ್ಣದಲ್ಲ.

ಬೋಲ್ಟಿನ ತಲೆ ಮೇಲೆ 4.6, 8.8, 10.9, 12.9 ಅಂತ ಬರೆದಿರುತ್ತದೆ, ಅದೇ ಗ್ರೇಡ್. 8.8 ತೆಗೆದುಕೊಳ್ಳಿ. ಮೊದಲ 8 ಅಂದರೆ ಒಂದು ಚದರ ಮಿಲಿಮೀಟರಿಗೆ 800 ನ್ಯೂಟನ್, ಹೆಚ್ಚುಕಡಿಮೆ 80 ಕೆಜಿ ಎಳೆತ ಬಿದ್ದರೆ ತುಂಡಾಗುತ್ತದೆ. ಚುಕ್ಕೆಯ ನಂತರದ 8 ಅಂದರೆ ಅದರ ಶೇ. 80, ಅಂದರೆ 640 ನ್ಯೂಟನ್ ದಾಟಿದರೆ ಬೋಲ್ಟ್ ಉದ್ದವಾಗಿ ಹಾಗೇ ಉಳಿಯುತ್ತದೆ, ಮತ್ತೆ ಮೊದಲಿನಂತೆ ಆಗುವುದಿಲ್ಲ. 4.6ಕ್ಕೆ ಈ ಮಿತಿ ಬರೀ 240. ನಮ್ಮ ಭಾರತೀಯ ಮಾನದಂಡ ಐಎಸ್ 1367ರಲ್ಲಿ ಇದೆಲ್ಲ ಇದೆ. ನಂಬರಿನ ಜೊತೆ ತಯಾರಿಸಿದವರ ಗುರುತೂ ತಲೆ ಮೇಲೆ ಇರಬೇಕು. ಏನೂ ಬರೆಯದ ಬೋಲ್ಟನ್ನು ಅಂಗಡಿಯವರು ಎಚ್‌ಟಿ, ಅಂದರೆ ಹೈ ಟೆನ್ಸೈಲ್, ಜಾಸ್ತಿ ಎಳೆತ ತಡೆಯುವುದು ಅಂದರೂ ನಂಬಬೇಡಿ.

ಬೋಲ್ಟ್ ಅನ್ನುವುದು ಎರಡು ಪ್ಲೇಟಿನ ನಡುವೆ ಸುಮ್ನೆ ಕೂತ ಗೂಟ ಅಂತ ತುಂಬಾ ಜನ ತಿಳಿದಿದ್ದಾರೆ. ಅಲ್ಲ. ಬಿಗಿ ಮಾಡಿದಾಗ ಅದು ಸ್ಪ್ರಿಂಗಿನಂತೆ ಹಿಗ್ಗುತ್ತದೆ, ಹಿಗ್ಗಿದ್ದು ಒಳಗೆ ಎಳೆದುಕೊಳ್ಳಲು ನೋಡುತ್ತದೆ, ಆ ಎಳೆತಕ್ಕೆ ಪ್ಲೇಟುಗಳು ಒಂದಕ್ಕೊಂದು ಒತ್ತಿಕೊಂಡು ಜಾರದೆ ನಿಲ್ಲುತ್ತವೆ. ಕೆಲಸ ಮಾಡುವುದು ಈ ಒತ್ತಡ. 8.8 ಗ್ರೇಡಿನ ಎಂ10, ಅಂದರೆ ಹತ್ತು ಎಂಎಂ ಬೋಲ್ಟಿಗೆ ಸುಮಾರು 50 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ) ಕೊಟ್ಟರೆ ಎರಡೂವರೆ ಟನ್ನಿನಷ್ಟು ಒತ್ತುತ್ತದೆ. ಅದೇ ಸೈಜಿನ 4.6 ಬೋಲ್ಟ್ ಒಂದು ಟನ್ನಿಗೇ ನಿಲ್ಲಬೇಕು. ಅದಕ್ಕೂ ಅಷ್ಟೇ ಟಾರ್ಕ್ ಕೊಟ್ಟರೆ ಹಿಗ್ಗಿ ಕೆಡುತ್ತದೆ. ನೋಡಲು ಎರಡೂ ಒಂದೇ ದಪ್ಪ, ಅಲ್ವಾ?

ಇನ್ನೊಂದು. ನೀವು ಸ್ಪ್ಯಾನರಿನಲ್ಲಿ ಹಾಕುವ ಬಲದಲ್ಲಿ ಬೋಲ್ಟನ್ನು ಹಿಗ್ಗಿಸುವುದು ಸುಮಾರು ಹತ್ತನೇ ಒಂದು ಭಾಗ ಮಾತ್ರ. ಉಳಿದದ್ದು ತಲೆ ಕೆಳಗಿನ ಮತ್ತು ಥ್ರೆಡ್ಡಿನ ಉಜ್ಜಾಟಕ್ಕೇ ಹೋಗುತ್ತದೆ. ಹಾಗಾಗಿ ಎಣ್ಣೆ ಹಚ್ಚಿದ ಬೋಲ್ಟಿಗೆ ಒಣ ಬೋಲ್ಟಿನಷ್ಟೇ ಟಾರ್ಕ್ ಕೊಡಬೇಡಿ, ಜಾಸ್ತಿ ಹಿಗ್ಗಿಬಿಡುತ್ತದೆ.

ಈಗ ಸಡಿಲ ಆಗುವ ವಿಷಯ. ಬೋಲ್ಟ್ ಲೂಸಾದರೆ ನಮ್ಮಲ್ಲಿ ಮೊದಲ ಔಷಧಿ ಸ್ಪ್ರಿಂಗ್ ವಾಷರ್. ಜರ್ಮನಿಯ ಗೆರ್ಹಾರ್ಡ್ ಯುಂಕರ್ ಅನ್ನುವ ಎಂಜಿನಿಯರ್ 1969ರಲ್ಲೇ ತೋರಿಸಿದ್ದಾರೆ, ಪ್ಲೇಟು ಅಡ್ಡಡ್ಡ ಜಾರಿದಾಗಲೇ ನಟ್ಟು ತಾನಾಗಿ ತಿರುಗಿ ಬಿಚ್ಚುತ್ತದೆ. ಇದಕ್ಕೆ ಸ್ಪ್ರಿಂಗ್ ವಾಷರ್ ಏನೂ ಮಾಡುವುದಿಲ್ಲ, ಬಿಗಿ ಮಾಡಿದ ಕೂಡಲೇ ಚಪ್ಪಟೆಯಾಗಿ ಬರೀ ವಾಷರ್ ಆಗುತ್ತದೆ. ಮೊದಲು ಸಾಕಷ್ಟು ಬಿಗಿ ಇರಬೇಕು. ಜೋಡಣೆಯ ಮುಖಕ್ಕೆ ದಪ್ಪ ಪೇಂಟ್ ಹೊಡೆದು ಮೇಲೆ ಬೋಲ್ಟ್ ಹಾಕುವುದನ್ನು ದಯವಿಟ್ಟು ಬಿಡಿ. ಪೇಂಟ್ ನಿಧಾನಕ್ಕೆ ಅದುಮಿಕೊಳ್ಳುತ್ತದೆ, ಬಿಗಿ ಹೋಗುತ್ತದೆ. ಸಾಧ್ಯವಾದ ಕಡೆ ಬೋಲ್ಟ್ ಸ್ವಲ್ಪ ಉದ್ದ ಇರಲಿ, ಬಿಗಿಯುವ ಭಾಗ ಅದರ ದಪ್ಪದ ಮೂರು ನಾಲ್ಕು ಪಟ್ಟು ಇದ್ದರೆ ಚೆನ್ನಾಗಿ ಹಿಗ್ಗುತ್ತದೆ, ಆಗ ಪ್ಲೇಟು ಕೂದಲೆಳೆಯಷ್ಟು ಕುಸಿದರೂ ಎಳೆತ ಉಳಿಯುತ್ತದೆ. ಇಷ್ಟಾದ ಮೇಲೆ ಒಳಗೆ ನೈಲಾನ್ ಬಳೆ ಇರುವ ನೈಲಾಕ್ ನಟ್ ಹಾಕಿ ಅಥವಾ ಥ್ರೆಡ್ ಅಂಟು ಹಾಕಿ. ನೈಲಾಕನ್ನು ಎಂಜಿನ್ನಿನ ಸೈಲೆನ್ಸರ್ ಹತ್ತಿರ ಬೇಡ, 120 ಡಿಗ್ರಿ ದಾಟಿದರೆ ಒಳಗಿನ ನೈಲಾನ್ ಹಿಡಿಯುವುದಿಲ್ಲ.

ಹಾಗಾದರೆ ಎಲ್ಲದಕ್ಕೂ 12.9 ಹಾಕಿದರೆ ಆಯ್ತಲ್ಲ? ಬೇಡ. 12.9ರ ಕಪ್ಪು ಅಲನ್ ಬೋಲ್ಟ್ (ತಲೆಯಲ್ಲಿ ಆರು ಮೂಲೆಯ ಗುಳಿ ಇರುವುದು) ತುಕ್ಕು ಹಿಡಿಯುತ್ತದೆ ಅಂತ ಪ್ಲೇಟಿಂಗ್ ಅಂಗಡಿಗೆ ಕೊಟ್ಟು ಜಿಂಕ್ ಮಾಡಿಸುವವರಿದ್ದಾರೆ. ಇದು ನಿಜವಾಗಿ ಅಪಾಯ. ಆಸಿಡ್ಡಿನಲ್ಲಿ ಅದ್ದಿದಾಗ, ಪ್ಲೇಟಿಂಗ್ ಮಾಡುವಾಗ ಹೈಡ್ರೋಜನ್ ಉಕ್ಕಿನೊಳಗೆ ಸೇರುತ್ತದೆ. ಇಷ್ಟು ಗಟ್ಟಿ ಉಕ್ಕು ಅದನ್ನು ತಾಳಿಕೊಳ್ಳುವುದಿಲ್ಲ. ಬಿಗಿ ಮಾಡುವಾಗ ಎಲ್ಲ ಸರಿ ಇರುತ್ತದೆ, ಎರಡು ದಿನ ಬಿಟ್ಟು ಮೆಷಿನ್ ನಿಂತಿರುವಾಗಲೇ ತಲೆ ಹಾರಿಹೋಗಬಹುದು. ತುಕ್ಕಿನ ಜಾಗವಾದರೆ ಜಿಂಕ್ ಇರುವ 8.8 ತಗೊಳ್ಳಿ, ಬೇಕಾದರೆ ಒಂದು ಸೈಜ್ ದೊಡ್ಡದು ಹಾಕಿ.

ಸ್ಟೀಲ್ ಬೋಲ್ಟ್, ಅಂದರೆ ಸ್ಟೇನ್‌ಲೆಸ್ ಸ್ಟೀಲ್, ಎಸ್‌ಎಸ್, ಹೊಳೆಯುತ್ತದೆ ಅಂತ ಜಾಸ್ತಿ ಗಟ್ಟಿ ಅಲ್ಲ. ಎಸ್‌ಎಸ್‌ನಲ್ಲಿ ಎ2-70 ಅನ್ನುವ ಗ್ರೇಡ್ 450 ನ್ಯೂಟನ್ನಿಗೇ ಹಿಗ್ಗಿ ಹಾಗೇ ಉಳಿಯುತ್ತದೆ, 8.8ಕ್ಕಿಂತ ಕಡಿಮೆ. ಕಬ್ಬಿನ ಹಾಲು ತಾಗುವ ಕಡೆ ಅದೇ ಸರಿ. ಮಂಗಳೂರು, ಕಾರವಾರದ ಉಪ್ಪು ಗಾಳಿಗಾದರೆ ಎ4 ಅನ್ನುವ ಎಸ್‌ಎಸ್ ಕೇಳಿ. ಎಸ್‌ಎಸ್ ನಟ್ಟನ್ನು ನಟ್ಟು ಬಿಗಿಯುವ ಗನ್ನಿನಲ್ಲಿ ಒಮ್ಮೆಲೇ ತಿರುಗಿಸಬೇಡಿ, ಥ್ರೆಡ್ ಕಚ್ಚಿಕೊಂಡರೆ ಕತ್ತರಿಸಿಯೇ ತೆಗೆಯಬೇಕು. ಕಚ್ಚದಂತೆ ತಡೆಯುವ ಆಂಟಿ ಸೀಜ್ ಪೇಸ್ಟ್ ಹಚ್ಚಿ ನಿಧಾನಕ್ಕೆ ಹಾಕಿ.

ಅಲ್ಯೂಮಿನಿಯಂಗೆ ಟ್ಯಾಪ್ ಹೊಡೆಯುವಾಗ, ಅಂದರೆ ತೂತಿನೊಳಗೆ ಥ್ರೆಡ್ ಮಾಡುವಾಗ, ಬೋಲ್ಟಿನ ದಪ್ಪದ ಎರಡು ಪಟ್ಟು ಆಳ ಇಡಿ. ಹಳೆ ಲೇತುಗಳಲ್ಲಿ ಅರ್ಧ ಇಂಚಿನ ಬಿಎಸ್‌ಡಬ್ಲ್ಯು, ಅಂದರೆ ಹಳೆ ಬ್ರಿಟಿಷ್ ಥ್ರೆಡ್ಡಿನ ಬೋಲ್ಟ್, ಇನ್ನೂ ಸಿಗುತ್ತದೆ. ಅದಕ್ಕೆ ಇಂಚಿಗೆ 12 ಥ್ರೆಡ್, ಅದೇ ಸೈಜಿನ ಅಮೆರಿಕನ್ ಥ್ರೆಡ್ ಯುಎನ್‌ಸಿಗೆ 13. ಒಂದರ ನಟ್ಟು ಇನ್ನೊಂದಕ್ಕೆ ಕೆಲವು ಸುತ್ತು ಹೋಗುತ್ತದೆ, ಆಮೇಲೆ ಬಿಗಿಯಾಗುತ್ತದೆ. ಆ ಬಿಗಿಯನ್ನು ನಂಬಬೇಡಿ, ಥ್ರೆಡ್ಡಿನ ಅಂತರ ಅಳೆಯುವ ಪಿಚ್ ಗೇಜ್ ಇಟ್ಟು ನೋಡಿ. ಮೇಜಿನ ಮೇಲೆ ಎರಡೂ ಇಟ್ಟಿದ್ದೇನೆ, ಬಂದು ಕೈಯಲ್ಲಿ ಹಿಡಿದು ನೋಡಿ, ಏನಾದರೂ ಕೇಳುವುದಿದ್ದರೆ ಅಲ್ಲೇ ಕೇಳಿ.