ಬ್ಯಾಕ್ಟೀರಿಯಾ ಕುಡಿದ ಡಾಕ್ಟರ ಕತೆಯ ಇನ್ನರ್ಧ

ನಮಸ್ಕಾರ. ಇವತ್ತು ನಿಮ್ಮಲ್ಲಿ ಹಲವರಿಗೆ ಗೊತ್ತಿರಬಹುದಾದ ಕತೆಯಿಂದಲೇ ಶುರು ಮಾಡುತ್ತೇನೆ.

1984. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಎಂಬ ಯುವ ಡಾಕ್ಟರು ಬ್ಯಾಕ್ಟೀರಿಯಾ ತುಂಬಿದ ದ್ರವವನ್ನು ಗಟಗಟ ಕುಡಿದುಬಿಟ್ಟರು. ಹೆಂಡತಿಗೂ ಮೊದಲು ಹೇಳಿರಲಿಲ್ಲ. ಕೆಲವೇ ದಿನಗಳಲ್ಲಿ ಹೊಟ್ಟೆ ತೊಳಸಿತು, ವಾಂತಿಯಾಯಿತು, ಬಾಯಿ ವಾಸನೆ ಬಂತು. ಹೊಟ್ಟೆಯೊಳಗೆ ಟ್ಯೂಬ್ ಇಳಿಸಿ ನೋಡಿದರೆ ಒಳಪದರ ಕೆರಳಿ ಊದಿಕೊಂಡಿತ್ತು, ಅಲ್ಲೇ ಆ ಬ್ಯಾಕ್ಟೀರಿಯಾ ಇತ್ತು.

ಆಗ ಅಲ್ಸರ್ (ಹೊಟ್ಟೆ ಅಥವಾ ಸಣ್ಣಕರುಳಿನ ಒಳಗಿನ ಹುಣ್ಣು) ಎಂದರೆ ಟೆನ್ಷನ್, ಆಸಿಡ್, ಖಾರದ ಊಟ ಎಂದೇ ಹೇಳುತ್ತಿದ್ದರು. ಅದಕ್ಕೆ ಬ್ಯಾಕ್ಟೀರಿಯಾ ಕಾರಣ ಎಂಬ ಮಾರ್ಷಲ್ ಮಾತನ್ನು ಹೆಚ್ಚಿನವರು ನಂಬಿರಲಿಲ್ಲ. ಹೊಟ್ಟೆಯ ಆಸಿಡ್‌ನಲ್ಲಿ ಬ್ಯಾಕ್ಟೀರಿಯಾ ಬದುಕುವುದುಂಟೇ? ಬದುಕುತ್ತದೆ, ಅದೂ ಜಾಣತನದಿಂದ. ಮಾರ್ಷಲ್ ಕುಡಿದ ಬ್ಯಾಕ್ಟೀರಿಯಾ, ಹೆಲಿಕೋಬ್ಯಾಕ್ಟರ್ ಪೈಲೋರಿ, ಯೂರಿಯಾವನ್ನು ಒಡೆದು ಅಮೋನಿಯಾ ಮಾಡಿಕೊಳ್ಳುತ್ತದೆ. ತನ್ನ ಸುತ್ತಲಿನ ಆಸಿಡ್ ಅನ್ನು ತಾನೇ ತಣ್ಣಗಾಗಿಸಿಕೊಂಡು ಹಾಯಾಗಿರುತ್ತದೆ. 2005ರಲ್ಲಿ ಮಾರ್ಷಲ್ ಮತ್ತು ಅವರ ಜೊತೆ ಈ ಬ್ಯಾಕ್ಟೀರಿಯಾ ಪತ್ತೆ ಮಾಡಿದ ರಾಬಿನ್ ವಾರೆನ್ ಇಬ್ಬರಿಗೂ ನೊಬೆಲ್ ಬಂತು.

ಕತೆ ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತದೆ. ನನ್ನ ತಕರಾರು ಇಲ್ಲಿಂದ ಶುರು.

ಪವಾಡದ ಔಷಧಿ ಮಾರುವವರಿಗೆಲ್ಲ ಈ ಕತೆ ಅಂದರೆ ಪ್ರಾಣ. "ಮಾರ್ಷಲ್ ಮಾತನ್ನೂ ಯಾರೂ ನಂಬಲಿಲ್ಲ, ನನ್ನ ಮಾತನ್ನೂ ನಂಬುತ್ತಿಲ್ಲ, ಅಂದಮೇಲೆ ನಾನೂ ಸರಿ." ಎಂಥ ಲೆಕ್ಕ ಇದು! ನಗೆಪಾಟಲಾದವರೆಲ್ಲ ಮಾರ್ಷಲ್ ಆಗಿದ್ದರೆ ನೊಬೆಲ್ ಪದಕಕ್ಕೆ ಚಿನ್ನ ಸಾಲುತ್ತಿರಲಿಲ್ಲ.

ಇನ್ನೊಂದು ವಿಷಯ ಗಮನಿಸಿ. ಆ ದ್ರವ ಕುಡಿದು ಮಾರ್ಷಲ್‌ಗೆ ಅಲ್ಸರ್ ಆಗಲೇ ಇಲ್ಲ. ಆದದ್ದು ಗ್ಯಾಸ್ಟ್ರೈಟಿಸ್, ಅಂದರೆ ಹೊಟ್ಟೆಯ ಒಳಪದರದ ಉರಿಯೂತ. ಹಾಗಾಗಿ ಆ ಗ್ಲಾಸು ಅರ್ಧ ಪ್ರಶ್ನೆಗೆ ಮಾತ್ರ ಉತ್ತರ ಕೊಟ್ಟಿತು: ಬ್ಯಾಕ್ಟೀರಿಯಾ ಹೊಟ್ಟೆಯನ್ನು ಕೆರಳಿಸುತ್ತದೆ, ಸರಿ, ಆದರೆ ಅಲ್ಸರ್‌ಗೂ ಅದೇ ಕಾರಣವೇ? ಉಳಿದ ಅರ್ಧಕ್ಕೆ ಬೇಜಾರು ಹಿಡಿಸುವಂಥ ಕೆಲಸ ಬೇಕಾಯಿತು. 1988ರಲ್ಲಿ ಅವರ ತಂಡ ಅಲ್ಸರ್ ಇದ್ದ 100 ಜನರ ಮೇಲೆ ನಡೆಸಿದ ಅಧ್ಯಯನ ಪ್ರಕಟವಾಯಿತು. ಬ್ಯಾಕ್ಟೀರಿಯಾ ಉಳಿದುಕೊಂಡವರಲ್ಲಿ ವರ್ಷದೊಳಗೆ ಶೇ. 84 ಮಂದಿಗೆ ಅಲ್ಸರ್ ವಾಪಸ್ ಬಂತು. ಬ್ಯಾಕ್ಟೀರಿಯಾ ಹೋದವರಲ್ಲಿ ಶೇ. 21 ಮಂದಿಗೆ ಮಾತ್ರ. ನನ್ನ ಪ್ರಕಾರ ಅಲ್ಸರ್ ಚಿಕಿತ್ಸೆಯನ್ನು ಬದಲಿಸಿದ್ದು ಇಂಥ ಅಂಕಿಗಳು, ಆ ಗ್ಲಾಸಲ್ಲ. ಆದರೆ ಅಂಕಿಯ ಮೇಲೆ ಯಾರು ವಿಡಿಯೋ ಮಾಡುತ್ತಾರೆ, ಹೇಳಿ? (ನಾನೂ ಗ್ಲಾಸಿನಿಂದಲೇ ಶುರು ಮಾಡಿದೆ, ಅಲ್ವಾ.)

ಹಾಗಂತ ಅಲ್ಸರ್‌ಗೆಲ್ಲ ಇದೇ ಕಾರಣವೂ ಅಲ್ಲ. ಕೆಲವು ನೋವಿನ ಮಾತ್ರೆಗಳಿಂದಲೂ ಆಗುತ್ತದೆ. ಈ ಬ್ಯಾಕ್ಟೀರಿಯಾ ಹೊಟ್ಟೆಯಲ್ಲಿರುವ ಎಷ್ಟೋ ಜನರಿಗೆ ಏನೂ ಆಗುವುದಿಲ್ಲ.

ಈಗ ಮನಸ್ಸಿನ ವಿಷಯ. ಔಷಧಿಯೇ ಇಲ್ಲದ ಮಾತ್ರೆ ಕೊಟ್ಟರೂ ಕೆಲವರಿಗೆ ಹಾಯೆನಿಸುತ್ತದೆ. ಇದಕ್ಕೆ ಪ್ಲಸೀಬೋ ಪರಿಣಾಮ ಅನ್ನುತ್ತಾರೆ. ರೋಗಿಗೆ ಸುಳ್ಳು ಹೇಳಿದರೆ ಮಾತ್ರ ಇದು ನಡೆಯುತ್ತದೆ ಅಂತ ನಾವೆಲ್ಲ ಅಂದುಕೊಂಡಿದ್ದೆವು. 2010ರಲ್ಲಿ ಹಾರ್ವರ್ಡ್‌ನ ಟೆಡ್ ಕ್ಯಾಪ್ಚಕ್ ಮತ್ತು ಜೊತೆಗಾರರು ಐಬಿಎಸ್ (ಪದೇ ಪದೇ ಹೊಟ್ಟೆನೋವು, ಭೇದಿ ಅಥವಾ ಮಲಬದ್ಧತೆ ಕಾಡುವ ಕರುಳಿನ ತೊಂದರೆ) ಇದ್ದ 80 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮಾತ್ರೆ ಕೊಟ್ಟು, "ಇದರಲ್ಲಿ ಔಷಧಿ ಇಲ್ಲ" ಅಂತ ನೇರವಾಗಿ ಹೇಳಿದರು. ಇನ್ನೊಂದಕ್ಕೆ ಮಾತ್ರೆಯೇ ಇಲ್ಲ. ಮೂರು ವಾರದ ನಂತರ ಮಾತ್ರೆ ನುಂಗಿದವರಲ್ಲಿ ಶೇ. 59 ಮಂದಿ ಸಾಕಷ್ಟು ಆರಾಮ ಅಂದರು, ಇನ್ನೊಂದು ಗುಂಪಿನಲ್ಲಿ ಶೇ. 35.

ಮೊದಲ ಸಲ ಓದಿದಾಗ ನಾನು ಆ ಸಾಲನ್ನು ಎರಡು ಸಲ ಓದಿದೆ. ಗೊತ್ತಿದ್ದೂ ಕೆಲಸ ಮಾಡುತ್ತದಾ!

ಆದರೆ ಇದನ್ನೇ ಹಿಡಿದು "ಮನಸ್ಸು ಮಾಡಿದರೆ ಯಾವ ಕಾಯಿಲೆಯೂ ವಾಸಿ" ಅನ್ನುವವರಿದ್ದಾರಲ್ಲ, ಅವರ ಮೇಲೆ ನನಗೆ ನಿಜಕ್ಕೂ ಸಿಟ್ಟು. 80 ಜನ, ಮೂರು ವಾರ, ಅವರವರೇ ಹೇಳಿಕೊಂಡ ಆರಾಮ. ಅಧ್ಯಯನ ಹೇಳಿದ್ದು ಇಷ್ಟೇ. ಗಡ್ಡೆ ಕರಗಿತು ಅಂತ ಹೇಳಲಿಲ್ಲ, ಸೋಂಕು ಹೋಯಿತು ಅಂತಲೂ ಹೇಳಲಿಲ್ಲ. ಮಾರ್ಷಲ್ ಕೂಡ ಹುಷಾರಿಲ್ಲದಾಗ ಮನಸ್ಸನ್ನು ನಂಬಿ ಕೂರಲಿಲ್ಲ. ಆ್ಯಂಟಿಬಯಾಟಿಕ್ ತೆಗೆದುಕೊಂಡರು.